ನೀರು ತುಂಬುವ ಸಂಜೆಗೆ ಮನೆ ಸೇರಲು: ಕಾಸರಗೋಡಿನ ದೀಪಾವಳಿಗೆ ಹೊರಡುವವರಿಗೆ ಮಾರ್ಗದರ್ಶಿ

ಕಾಸರಗೋಡಿನ ಕನ್ನಡ ಮತ್ತು ತುಳು ಮನೆಗಳಲ್ಲಿ ದೀಪಾವಳಿ ಆರಂಭವಾಗುವುದು ತ್ರಯೋದಶಿಯ ಸಂಜೆ, ಬಚ್ಚಲಿನ ಹಂಡೆಗೆ ನೀರು ತುಂಬುವ ಹೊತ್ತಿಗೆ. ಮರುದಿನ ನಸುಕಿನ ಎಣ್ಣೆಸ್ನಾನ, ಅವಲಕ್ಕಿ, ದೋಸೆ, ಅದರ ಮುಂದಿನ ಬಲೀಂದ್ರ (ಬಲಿ ಚಕ್ರವರ್ತಿಯ) ಪೂಜೆ ಎಲ್ಲವೂ ಈ ಸಂಜೆಯ ಮುಂದುವರಿಕೆ. ಆದರೆ ಬೆಂಗಳೂರು, ಮೈಸೂರು, ಮುಂಬೈಗಳಲ್ಲಿ ದುಡಿಯುವ ನಮ್ಮವರಲ್ಲಿ ಹೆಚ್ಚಿನವರು ಚತುರ್ದಶಿಯ ಬೆಳಿಗ್ಗೆ ಊರು ತಲಪುವ ರೈಲು ಅಥವಾ ಬಸ್ಸಿಗೆ ಟಿಕೆಟು ಮಾಡುತ್ತಾರೆ. ಘಟ್ಟದಲ್ಲೋ ಹೆದ್ದಾರಿಯಲ್ಲೋ ಮೂರು ಗಂಟೆ ತಡವಾದರೆ ಎಣ್ಣೆಸ್ನಾನವೂ ತಪ್ಪುತ್ತದೆ, ಮನೆಯ ಹಿರಿಯರು ಸ್ನಾನ ಮಾಡದೆ ಕಾಯುತ್ತ ಕುಳಿತಿರುತ್ತಾರೆ. ಆದ್ದರಿಂದ ಈ ಲೇಖನದ ಲೆಕ್ಕಾಚಾರವೆಲ್ಲ ಒಂದೇ ಗುರಿಯಿಂದ ಹಿಂದಕ್ಕೆ ಎಣಿಸಿದ್ದು: ತ್ರಯೋದಶಿಯ ದಿನ ಸೂರ್ಯಾಸ್ತಕ್ಕೆ ಮೊದಲು ಮನೆಯ ಅಂಗಳದಲ್ಲಿರಬೇಕು.

ಮೊದಲ ಹೆಜ್ಜೆ: ಎರಡು ರಾಜ್ಯಗಳ ರಜೆಯನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿನ ಕುಟುಂಬಗಳು ಎರಡು ರಜಾಪಟ್ಟಿಗಳ ನಡುವೆ ಬದುಕುತ್ತಿವೆ. ಅಣ್ಣ ಪುತ್ತೂರಿನಲ್ಲಿ, ತಂಗಿ ಬದಿಯಡ್ಕದಲ್ಲಿ ಇರುವ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ. ಕರ್ನಾಟಕದಲ್ಲಿ ನರಕ ಚತುರ್ದಶಿಗೂ ಬಲಿಪಾಡ್ಯಮಿಗೂ ಸರ್ಕಾರಿ ರಜೆ ಇರುತ್ತದೆ. ಕೇರಳದಲ್ಲಿ ದೀಪಾವಳಿಗೆ ಒಂದೇ ದಿನ. 2025ರಲ್ಲಿ ಚತುರ್ದಶಿ ಅಕ್ಟೋಬರ್ 20ರ ಸೋಮವಾರ ಬಂದಿತ್ತು, ಬಲಿಪಾಡ್ಯಮಿ 22ರ ಬುಧವಾರ. ಬೆಂಗಳೂರಿನ ನೌಕರನಿಗೆ ನಡುವಿನ ಮಂಗಳವಾರ ಒಂದು ರಜೆ ಹಾಕಿದರೆ ಸಾಕಾಗಿತ್ತು, ಕಾಸರಗೋಡಿನ ಕಚೇರಿಯಲ್ಲಿರುವವರಿಗೆ ಎರಡು ರಜೆ ಬೇಕಾಗಿತ್ತು. ಬಲೀಂದ್ರ ಪೂಜೆಗೆ ಮನೆಮಂದಿಯೆಲ್ಲ ಸೇರಬೇಕೆಂದಿದ್ದರೆ ಗಡಿಯ ಈಚೆಗಿನವರು ತಮ್ಮ ರಜೆಯ ಅರ್ಜಿಯನ್ನು ಮೊದಲೇ ಕೊಟ್ಟಿರಬೇಕು. ಆಚೆಯಿಂದ ಬರುವವರು ಇದನ್ನು ನೆನಪಿಟ್ಟು ಅವರಿಗೆ ಒಂದು ತಿಂಗಳು ಮುಂಚೆಯೇ ದಿನ ತಿಳಿಸಬೇಕು.

ಶಾಲೆಯ ಮಕ್ಕಳ ವಿಷಯ ಇನ್ನೂ ಭಿನ್ನ. ದಕ್ಷಿಣ ಕನ್ನಡದ ಮಕ್ಕಳಿಗೆ ದಸರಾಕ್ಕೆ ದೀರ್ಘ ರಜೆ ಸಿಗುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳು ಕೇರಳದ ಕ್ರಮದಂತೆ ನಡೆಯುವುದರಿಂದ ಇಲ್ಲಿನ ಮಕ್ಕಳ ದೀರ್ಘ ರಜೆ ಓಣಂನಲ್ಲಿಯೇ ಮುಗಿದಿರುತ್ತದೆ. ನವರಾತ್ರಿಯಲ್ಲಿ ಅವರಿಗೆ ಆಯುಧಪೂಜೆ, ವಿಜಯದಶಮಿಯ ಆಸುಪಾಸಿನ ದಿನಗಳಷ್ಟೇ ಬಿಡುವು. ಸೋದರಮಾವನ ಮನೆಗೆ ಮಕ್ಕಳನ್ನು ಕಳುಹಿಸುವ ಯೋಚನೆಯಿದ್ದರೆ ಎರಡೂ ಕಡೆಯ ಮಕ್ಕಳಿಗೆ ಒಟ್ಟಿಗೆ ಬಿಡುವಿರುವ ದಿನವನ್ನು ನೋಡಿಕೊಳ್ಳಿ; ದೀಪಾವಳಿಯಲ್ಲಿ ಅದು ಚತುರ್ದಶಿಯ ದಿನ.

ಪಂಚಾಂಗದ ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ದೀಪಾವಳಿ ಚಾಂದ್ರಮಾನದ ಹಬ್ಬವಾದ್ದರಿಂದ ಅಕ್ಟೋಬರ್ ಮಧ್ಯದಿಂದ ನವೆಂಬರ್ ಮಧ್ಯದವರೆಗೆ ಸರಿಯುತ್ತಿರುತ್ತದೆ. ನಮ್ಮ ದೈವಸ್ಥಾನ, ತರವಾಡುಗಳ (ಕುಟುಂಬದ ಮೂಲಮನೆಗಳ) ದಿನಗಳು ಸೌರಮಾನದ ತಿಂಗಳಿಗೆ ಕಟ್ಟುಬಿದ್ದವು. ತುಳುವಿನ ಬೊಂತೆಲ್, ಅಂದರೆ ತುಲಾ ತಿಂಗಳ ಹತ್ತನೆಯ ದಿನದ ಪತ್ತಾಮುದಯದಿಂದ ತೆಯ್ಯಂಗಳ, ಅಂದರೆ ದೈವಗಳ ಕೋಲದ, ಕಾಲ ತೆರೆಯುತ್ತದೆ, ಅದು ಪ್ರತಿ ವರ್ಷ ಅಕ್ಟೋಬರ್ 27ರ ಸುಮಾರಿಗೇ ಬರುತ್ತದೆ. ತರವಾಡಿನ ಹೊಸ ಅಕ್ಕಿ ಊಟವೂ ಅನೇಕ ಕಡೆ ಇದೇ ಆಸುಪಾಸಿನಲ್ಲಿ ನಿಶ್ಚಯವಾಗುತ್ತದೆ. ದೀಪಾವಳಿ ಅಕ್ಟೋಬರ್ ಕೊನೆಗೆ ಬರುವ ವರ್ಷಗಳಲ್ಲಿ ಎರಡನ್ನೂ ಒಂದೇ ಪಯಣದಲ್ಲಿ ಮುಗಿಸಬಹುದು. ಬೇಗ ಬರುವ ವರ್ಷಗಳಲ್ಲಿ ಯಾವುದಕ್ಕೆ ಬರುವುದೆಂದು ಮೊದಲೇ ತೀರ್ಮಾನಿಸಿ ತರವಾಡಿನ ಯಜಮಾನರಿಗೆ ಹೇಳಿಬಿಡುವುದು ಮರ್ಯಾದೆ.

ಎರಡನೆಯ ಹೆಜ್ಜೆ: ಟಿಕೆಟು

ರೈಲಿನ ಮುಂಗಡ ಕಾಯ್ದಿರಿಸುವಿಕೆಯ ಅವಧಿಯನ್ನು 2024ರ ನವೆಂಬರ್ 1ರಿಂದ 120 ದಿನಗಳಿಂದ 60 ದಿನಗಳಿಗೆ ಇಳಿಸಲಾಗಿದೆ. ಹೊರಡುವ ದಿನವನ್ನು ಬಿಟ್ಟು ಅರವತ್ತು ದಿನ ಹಿಂದಕ್ಕೆ ಎಣಿಸಿ, ಆ ಬೆಳಿಗ್ಗೆಯೇ ಟಿಕೆಟು ಮಾಡಬೇಕು. ಸಾಮಾನ್ಯವಾಗಿ ಅದು ಚೌತಿಯ ಸುತ್ತಮುತ್ತ ಬೀಳುತ್ತದೆ, ಚೌತಿಯ ಗಡಿಬಿಡಿಯಲ್ಲಿ ಮರೆತುಹೋಗುವವರೇ ಹೆಚ್ಚು. ತತ್ಕಾಲ್ ಟಿಕೆಟು ಹಿಂದಿನ ದಿನ ಹವಾನಿಯಂತ್ರಿತ ಬೋಗಿಗಳಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ ತೆರೆಯುತ್ತದೆ. 2025ರ ಜುಲೈಯಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ದೃಢೀಕರಣ ಕಡ್ಡಾಯವಾಗಿದೆ. ಅದನ್ನು ಆ ಹೊತ್ತಿಗೆ ಮಾಡಲು ಹೊರಟರೆ ಸೀಟು ಮುಗಿದಿರುತ್ತದೆ, ವಾರ ಮುಂಚೆಯೇ ಮುಗಿಸಿಡಿ. ವೇಟಿಂಗ್ ಲಿಸ್ಟಿನಲ್ಲಿರುವ ಇ-ಟಿಕೆಟು ಚಾರ್ಟ್ ಆದ ಮೇಲೂ ದೃಢವಾಗದಿದ್ದರೆ ತಾನಾಗಿಯೇ ರದ್ದಾಗಿ ಹಣ ಮರಳುತ್ತದೆ. ಅದನ್ನು ಹಿಡಿದು ಬೋಗಿ ಹತ್ತುವಂತಿಲ್ಲ.

ಬೆಂಗಳೂರಿನಿಂದ ಹಾಸನ, ಸಕಲೇಶಪುರ, ಸುಬ್ರಹ್ಮಣ್ಯ ರೋಡ್, ಮಂಗಳೂರು ಮಾರ್ಗವಾಗಿ ಕಾಸರಗೋಡಿಗೆ ನೇರವಾಗಿ ಬರುವ ಕಣ್ಣೂರು ಎಕ್ಸ್‌ಪ್ರೆಸ್ ರಾತ್ರಿ ಹೊರಟು ಬೆಳಿಗ್ಗೆ ತಲಪುತ್ತದೆ. ಯಶವಂತಪುರದಿಂದ ಹೊರಡುವ ಕಣ್ಣೂರು ರೈಲು ಸೇಲಂ, ಶೊರನೂರು ಮಾರ್ಗದ್ದು; ಹೆಸರು ನೋಡಿ ಅದಕ್ಕೆ ಟಿಕೆಟು ಮಾಡಬೇಡಿ. ನನ್ನ ಸಲಹೆಯೆಂದರೆ, ತ್ರಯೋದಶಿಯ ಬೆಳಿಗ್ಗೆ ತಲಪುವ ರೈಲನ್ನೇ ಹಿಡಿಯಬೇಕು. ಆರು ಗಂಟೆ ತಡವಾದರೂ ನೀರು ತುಂಬುವ ಹೊತ್ತಿಗೆ ಮನೆಯಲ್ಲಿರಬಹುದು. ಒಂದು ದಿನದ ರಜೆ ಹೆಚ್ಚು ಹೋಗುತ್ತದೆ ಎಂಬುದು ನಿಜ. ಎಣ್ಣೆಸ್ನಾನದ ದಿನ ನಿದ್ದೆಗಣ್ಣಿನಲ್ಲಿ ಬಂದು ಮಧ್ಯಾಹ್ನವೆಲ್ಲ ಮಲಗಿ ಕಳೆಯುವುದಕ್ಕಿಂತ ಆ ರಜೆಯನ್ನು ಬಳಸುವುದು ಮೇಲು.

ಮುಂಬೈ ಕಡೆಯಿಂದ ಬರುವವರು ಒಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಕೊಂಕಣ ರೈಲ್ವೆಯಲ್ಲಿ ಮಳೆಗಾಲದ ವೇಳಾಪಟ್ಟಿ ಬೇರೆ, ಉಳಿದ ಕಾಲದ್ದು ಬೇರೆ. ಬಹುಕಾಲ ಅದು ಜೂನ್ 10ರಿಂದ ಅಕ್ಟೋಬರ್ 31ರವರೆಗೆ ಜಾರಿಯಲ್ಲಿರುತ್ತಿತ್ತು, 2025ರಲ್ಲಿ ಜೂನ್ 15ರಿಂದ ಅಕ್ಟೋಬರ್ 20ರವರೆಗೆ ಇತ್ತು. ದೀಪಾವಳಿ ಎಷ್ಟೋ ವರ್ಷ ಈ ಬದಲಾವಣೆಯ ದಿನಗಳ ಆಸುಪಾಸಿನಲ್ಲಿಯೇ ಬರುವುದರಿಂದ ಹೋಗುವಾಗಿನ ಸಮಯಕ್ಕೂ ಮರಳುವಾಗಿನ ಸಮಯಕ್ಕೂ ಗಂಟೆಗಟ್ಟಲೆ ವ್ಯತ್ಯಾಸ ಬರಬಹುದು. ಟಿಕೆಟಿನಲ್ಲಿ ಮುದ್ರಿಸಿದ ಸಮಯವನ್ನು ಹೊರಡುವ ಹಿಂದಿನ ದಿನ ಮತ್ತೊಮ್ಮೆ 139ಕ್ಕೆ ಕರೆ ಮಾಡಿಯೋ ರೈಲ್ವೆಯ ಆ್ಯಪ್‌ನಲ್ಲಿ ನೋಡಿಯೋ ಖಚಿತಪಡಿಸಿಕೊಳ್ಳಿ. ಕೊಂಕಣದಿಂದ ಕೇರಳಕ್ಕೆ ಸಾಗುವ ರೈಲುಗಳು ಮಂಗಳೂರು ಸೆಂಟ್ರಲ್‌ಗೆ ಹೋಗದೆ ಜಂಕ್ಷನ್‌ನಲ್ಲಿ ನಿಂತು ಮುಂದುವರಿಯುತ್ತವೆ. ಜಂಕ್ಷನ್‌ನಲ್ಲಿ ಇಳಿದು ಸೆಂಟ್ರಲ್‌ನಿಂದ ಹೊರಡುವ ಲೋಕಲ್ ಹಿಡಿಯುವ ಯೋಜನೆಯಿದ್ದರೆ ನಡುವಿನ ರಿಕ್ಷಾ ಪ್ರಯಾಣಕ್ಕೆ ಅರ್ಧ ಗಂಟೆಯಾದರೂ ಇಟ್ಟುಕೊಳ್ಳಬೇಕು. ಮಂಜೇಶ್ವರ, ಉಪ್ಪಳ, ಕುಂಬಳೆಗಳಲ್ಲಿ ದೂರದ ರೈಲುಗಳು ಹೆಚ್ಚಾಗಿ ನಿಲ್ಲುವುದಿಲ್ಲ. ಅಲ್ಲಿನವರಿಗೆ ಲೋಕಲ್ ರೈಲೇ ಗತಿ.

ಪಟಾಕಿಯನ್ನು ರೈಲಿನಲ್ಲಿ ತರಬೇಡಿ. 1989ರ ರೈಲ್ವೆ ಕಾಯ್ದೆಯ 164ನೇ ಕಲಮಿನ ಪ್ರಕಾರ ಅದು ಮೂರು ವರ್ಷದವರೆಗೆ ಸೆರೆವಾಸ ಅಥವಾ 1,000 ರೂಪಾಯಿಯವರೆಗೆ ದಂಡ, ಇಲ್ಲವೇ ಎರಡಕ್ಕೂ ಕಾರಣವಾಗುವ ಅಪರಾಧ. ಬೇಕಾದಷ್ಟನ್ನು ಊರಿನ ಪೇಟೆಯಲ್ಲಿಯೇ ಕೊಳ್ಳಬಹುದು.

ಮೂರನೆಯ ಹೆಜ್ಜೆ: ನಿಮ್ಮ ಮನೆಗೆ ಯಾವ ದಾರಿ ಹತ್ತಿರವೆಂದು ಮತ್ತೆ ಯೋಚಿಸಿ

ಬಸ್ಸಿನಲ್ಲಿ ಅಥವಾ ಕಾರಿನಲ್ಲಿ ಬರುವವರು ಅಭ್ಯಾಸಬಲದಿಂದ ಮಂಗಳೂರಿಗೆ ಬಂದು, ಪಂಪ್‌ವೆಲ್‌ನ ದಟ್ಟಣೆಯಲ್ಲಿ ಸಿಕ್ಕಿಕೊಂಡು, ತಲಪಾಡಿ ದಾಟಿ, ಕುಂಬಳೆಯಿಂದ ಮತ್ತೆ ಒಳನಾಡಿಗೆ ಹೋಗುತ್ತಾರೆ. ಕರಾವಳಿಯ ಪಟ್ಟಿಯಲ್ಲಿ ಮನೆಯಿರುವವರಿಗೆ ಇದು ಸರಿ. ಒಳನಾಡಿನವರಿಗೆ ಬೇರೆ ದಾರಿಗಳಿವೆ, ಹಬ್ಬದ ದಿನಗಳಲ್ಲಿ ಅವುಗಳ ಬೆಲೆ ತಿಳಿಯುತ್ತದೆ.

ಪೆರ್ಲ, ಬದಿಯಡ್ಕ, ನೀರ್ಚಾಲುಗಳ ಕಡೆಯವರು ಶಿರಾಡಿ ಇಳಿದು ಬರುವ ಬಸ್ಸಿನಲ್ಲಿ ಕಲ್ಲಡ್ಕದಲ್ಲಿಯೇ ಇಳಿಯಬೇಕು. ಅಲ್ಲಿಂದ ವಿಟ್ಲ, ಅಡ್ಯನಡ್ಕ, ಅಡ್ಕಸ್ಥಳ, ಪೆರ್ಲ, ಬದಿಯಡ್ಕ ಮೂಲಕ ಚೆರ್ಕಳಕ್ಕೆ ನೇರ ರಸ್ತೆಯಿದೆ. ಬಾಯಾರು, ಪೈವಳಿಕೆಯವರು ವಿಟ್ಲದಿಂದ ಕನ್ಯಾನದ ದಾರಿ ಹಿಡಿಯಬಹುದು. ಮುಳ್ಳೇರಿಯ, ಆದೂರು, ದೇಲಂಪಾಡಿ, ಬೋವಿಕ್ಕಾನದವರಿಗೆ ಮೈಸೂರು, ಮಡಿಕೇರಿ, ಸಂಪಾಜೆ ಮಾರ್ಗವಾಗಿ ಸುಳ್ಯಕ್ಕೆ ಬಂದು ಜಾಲ್ಸೂರಿನಲ್ಲಿ ತಿರುಗಿ ಚೆರ್ಕಳದ ಕಡೆಗೆ ಸಾಗುವುದೇ ಹತ್ತಿರ. ಮೈಸೂರಿನಲ್ಲಿ ನೆಲೆಸಿದವರಿಗಂತೂ ಮಂಗಳೂರಿನ ಮುಖ ನೋಡುವ ಅಗತ್ಯವೇ ಇಲ್ಲ. ಜಿಲ್ಲೆಯ ದಕ್ಷಿಣದ ಹೊಸದುರ್ಗ, ವೆಳ್ಳರಿಕುಂಡು ತಾಲೂಕುಗಳ ಮೂಡಣ ಭಾಗದವರು ಭಾಗಮಂಡಲದಿಂದ ಪಾಣತ್ತೂರಿಗೆ ಇಳಿಯುವ ರಸ್ತೆಯನ್ನು ಹಗಲಿನಲ್ಲಿ ಮಾತ್ರ ಬಳಸುವುದು ಒಳ್ಳೆಯದು. ತುಲಾ ಸಂಕ್ರಮಣದ ತೀರ್ಥೋದ್ಭವಕ್ಕೆ ತಲಕಾವೇರಿಗೆ ಹೋಗುವವರ ವಾಹನಗಳು ಅಕ್ಟೋಬರ್ 17ರ ಸುಮಾರಿಗೆ ಆ ದಾರಿಯಲ್ಲಿ ಹೆಚ್ಚಿರುತ್ತವೆ ಎಂಬುದೂ ಗಮನದಲ್ಲಿರಲಿ.

ರಾಷ್ಟ್ರೀಯ ಹೆದ್ದಾರಿ 66 ತಲಪಾಡಿಯಿಂದ ಚೆಂಗಳದವರೆಗೆ ಆರು ಪಥವಾದ ಮೇಲೆ ಓಟ ಸಲೀಸಾಗಿದೆ, ಆದರೆ ಇಳಿಯುವವರಿಗೆ ಹೊಸ ತೊಡಕೊಂದು ಬಂದಿದೆ. ಮೇಲಿನ ಪಥದಲ್ಲಿ ಸಾಗುವ ದೂರದ ಬಸ್ಸುಗಳು ಎಲ್ಲೆಂದರಲ್ಲಿ ಸರ್ವಿಸ್ ರಸ್ತೆಗೆ ಇಳಿಯಲಾರವು. ನಿಮ್ಮ ಊರಿಗೆ ಯಾವ ಅಂಡರ್‌ಪಾಸ್ ಹತ್ತಿರ, ಅಲ್ಲಿ ಬಸ್ಸು ನಿಲ್ಲುತ್ತದೆಯೇ ಎಂದು ಹತ್ತುವಾಗಲೇ ನಿರ್ವಾಹಕರನ್ನು ಕೇಳಿ. ಇಲ್ಲವಾದರೆ ಚೀಲ ಹೊತ್ತು ಒಂದೆರಡು ಕಿಲೋಮೀಟರ್ ಹಿಂದಕ್ಕೆ ನಡೆಯಬೇಕಾದೀತು. ಚೆಂಗಳದಿಂದ ದಕ್ಷಿಣಕ್ಕೆ ಹೋಗುವವರು ಗುಡ್ಡ ಕಡಿದ ಜಾಗಗಳಲ್ಲಿ ಎಚ್ಚರದಿಂದಿರಬೇಕು. 2025ರ ಜುಲೈಯಲ್ಲಿ ಚೆರುವತ್ತೂರು ಬಳಿಯ ವೀರಮಲ ಗುಡ್ಡ ಕುಸಿದು ಹೆದ್ದಾರಿಯ ಸಂಚಾರವೇ ನಿಂತಿತ್ತು.

ಮಂಗಳೂರಿನಿಂದ ಕಾಸರಗೋಡಿಗೆ ಎರಡೂ ರಾಜ್ಯಗಳ ಸಾರಿಗೆ ಬಸ್ಸುಗಳು ಓಡುತ್ತವೆ. ಅವು ತುಂಬಿ ಬಂದರೆ ಕಾಯುತ್ತ ನಿಲ್ಲದೆ, ಸ್ಟೇಟ್ ಬ್ಯಾಂಕ್ ನಿಲ್ದಾಣದಿಂದ ತಲಪಾಡಿಗೆ ಸಿಟಿ ಬಸ್ಸಿನಲ್ಲಿ ಬಂದು ಗಡಿಯನ್ನು ನಡೆದು ದಾಟಿ ಆಚೆಯ ಖಾಸಗಿ ಬಸ್ಸು ಹಿಡಿಯುವುದು ನಮ್ಮವರು ಎಂದಿನಿಂದಲೂ ಮಾಡಿಕೊಂಡು ಬಂದ ಉಪಾಯ. ಮಹಿಳೆಯರಿಗೆ ಕರ್ನಾಟಕ ಸರ್ಕಾರ 2023ರ ಜೂನ್ 11ರಂದು ಆರಂಭಿಸಿದ ಶಕ್ತಿ ಯೋಜನೆಯ ಉಚಿತ ಪ್ರಯಾಣ ರಾಜ್ಯದ ಒಳಗಿನ ಓಡಾಟಕ್ಕೆ ಇರುವುದು. ಕಾಸರಗೋಡಿಗೆ ಬರುವಾಗ ಟಿಕೆಟಿನ ಹಣ ಕೈಯಲ್ಲಿರಲಿ.

ಕೊನೆಯ ತುಂಡು ದಾರಿಯೇ ಹೆಚ್ಚು ಸತಾಯಿಸುವುದು. ಕುಂಬಳೆ, ಉಪ್ಪಳ, ಕಾಸರಗೋಡುಗಳಿಂದ ಒಳಊರುಗಳಿಗೆ ಕೊನೆಯ ಬಸ್ಸು ಬೇಗನೆ ಹೊರಟುಬಿಡುತ್ತದೆ, ಹಬ್ಬದ ಹಿಂದಿನ ದಿನ ಕೆಲವು ಟ್ರಿಪ್ ಇರುವುದೇ ಇಲ್ಲ. ಊರಿನ ಪರಿಚಯದ ರಿಕ್ಷಾದವರೊಬ್ಬರ ನಂಬರನ್ನು ಇಟ್ಟುಕೊಂಡು, ಹೊರಡುವ ಮೊದಲೇ ಅವರಿಗೆ ಬರುವ ಸಮಯ ತಿಳಿಸಿರಿ. ತಡವಾದರೆ ಮನೆಗೆ ತಿಳಿಸುವ ಮೊದಲು ಅವರಿಗೆ ತಿಳಿಸಿ, ಅವರಿಗೂ ಹಬ್ಬವಿದೆ.

ತಡವಾದಾಗ ಮಾಡಬೇಕಾದದ್ದು

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರ್ ಘಟ್ಟದ ಹಳಿಯಲ್ಲಿ 57 ಸುರಂಗಗಳಿವೆ. ಐವತ್ತು ಅಡಿ ಸಾಗುವಷ್ಟರಲ್ಲಿ ಒಂದು ಅಡಿ ಇಳಿಯುವ ಆ ಇಳಿಜಾರಿನಲ್ಲಿ ರೈಲು ನಿಧಾನವಾಗಿಯೇ ಬರಬೇಕು. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಮಣ್ಣು ಕುಸಿದಾಗ ಈ ಮಾರ್ಗ ದಿನಗಟ್ಟಲೆ ಮುಚ್ಚಿತ್ತು. ಆಶ್ವೀಜ ಕಾರ್ತಿಕದಲ್ಲಿ ಅಷ್ಟು ದೊಡ್ಡ ಕುಸಿತ ಅಪರೂಪವಾದರೂ ಒಂದು ರಾತ್ರಿಯ ಬಿರುಮಳೆ ಗಂಟೆಗಳ ತಡಕ್ಕೆ ಸಾಕು.

ನೀವು ಹತ್ತುವ ನಿಲ್ದಾಣಕ್ಕೆ ರೈಲು ಮೂರು ಗಂಟೆಗಿಂತ ಹೆಚ್ಚು ತಡವಾಗಿ ಬರುವುದಾದರೆ, ಪ್ರಯಾಣ ಬಿಟ್ಟು ಪೂರ್ತಿ ಹಣ ವಾಪಸು ಕೇಳುವ ಹಕ್ಕು ನಿಮಗಿದೆ. ಇ-ಟಿಕೆಟಾಗಿದ್ದರೆ ಆ ರೈಲು ನಿಮ್ಮ ನಿಲ್ದಾಣದಿಂದ ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ಟಿ.ಡಿ.ಆರ್. (ಹಣ ವಾಪಸಿನ) ಅರ್ಜಿ ಸಲ್ಲಿಸಬೇಕು, ರೈಲು ಹೋದ ಮೇಲೆ ಸಲ್ಲಿಸಿದರೆ ಈ ಕಾರಣ ನಿಲ್ಲದು. ಆದರೆ ಅರ್ಜಿ ಹಾಕುವ ಮೊದಲು ಬೇರೆ ದಾರಿಯ ಬಸ್ಸಿನಲ್ಲಿ ಸೀಟು ಖಚಿತವಾಗಿ ಸಿಗುತ್ತದೆಯೇ ಎಂದು ನೋಡಿ. ಹಬ್ಬದ ಹಿಂದಿನ ರಾತ್ರಿ ಕೈಯಲ್ಲಿರುವ ತಡವಾದ ರೈಲು ಸಿಗದ ಬಸ್ಸಿಗಿಂತ ಉತ್ತಮ.

ಚೀಲದಲ್ಲಿ ನೀರು, ಬಾಳೆಹಣ್ಣು, ಹಿರಿಯರ ಔಷಧ, ಒಂದು ಟಾರ್ಚು, ಮೊಬೈಲಿಗೆ ಪವರ್‌ಬ್ಯಾಂಕ್ ಇರಲಿ. ಹಬ್ಬಕ್ಕೆ ಅಗತ್ಯವಾದ ಯಾವ ವಸ್ತುವನ್ನೂ ನಿಮ್ಮ ಚೀಲವನ್ನೇ ನಂಬಿ ಬಿಡಬೇಡಿ. ಹೊಸ ಬಟ್ಟೆ ತಡವಾಗಿ ಬಂದರೆ ತೊಂದರೆಯಿಲ್ಲ, ಪೂಜೆಯ ಸಾಮಾನು ಮಾತ್ರ ಊರಿನಲ್ಲಿಯೇ ಸಿದ್ಧವಿರಬೇಕು. ಮನೆಗೆ ಫೋನು ಮಾಡಿದಾಗ "ಬರುತ್ತಿದ್ದೇವೆ" ಎಂದಷ್ಟೇ ಹೇಳದೆ ಎಲ್ಲಿದ್ದೇವೆ, ಕಾಯಬೇಕೋ ಬೇಡವೋ ಎಂದು ಸ್ಪಷ್ಟವಾಗಿ ಹೇಳಿ. "ಅಮ್ಮ, ನಾವು ಇನ್ನೂ ಸಕಲೇಶಪುರದಲ್ಲಿ ಇದ್ದೇವೆ, ನೀವು ನೀರು ತುಂಬಿ ಬಿಡಿ, ನಮಗೆ ಒಂದು ಕೊಡ ಬಾಕಿ ಇಡಿ" ಎಂದರೆ ಮನೆಯ ಕೆಲಸವೂ ನಿಲ್ಲುವುದಿಲ್ಲ, ತಡವಾಗಿ ಬಂದವರಿಗೂ ಹಂಡೆಗೆ ತಮ್ಮ ಪಾಲಿನ ನೀರು ಹೊಯ್ಯುವ ಅವಕಾಶ ಉಳಿಯುತ್ತದೆ.

ಮಧ್ಯಾಹ್ನದ ಗುಡುಗಿನ ವಿಷಯ

ತುಲಾ ತಿಂಗಳ ಮಳೆ ಆಟಿ ತಿಂಗಳ (ಮಳೆಗಾಲದ ನಡುವಿನ) ಮಳೆಯಂತಲ್ಲ. ಬೆಳಿಗ್ಗೆ ಸುಡುಬಿಸಿಲು, ಮಧ್ಯಾಹ್ನ ಕಳೆಯುತ್ತಿದ್ದಂತೆ ಮೂಡಣ ಗುಡ್ಡಗಳ ಮೇಲೆ ಮೋಡ ಕಟ್ಟಿ, ಸಂಜೆಗೆ ಸಿಡಿಲು ಸಮೇತ ಸುರಿಯುತ್ತದೆ. ಕೇರಳದ ವಿಪತ್ತು ನಿರ್ವಹಣಾ ಪ್ರಾಧಿಕಾರ ಈ ಕಾಲದಲ್ಲಿ ಮಧ್ಯಾಹ್ನ 2ರಿಂದ ರಾತ್ರಿ 10ರವರೆಗೆ ಸಿಡಿಲಿನ ಬಗ್ಗೆ ಎಚ್ಚರ ಹೇಳುತ್ತದೆ, ಅದೇ ಹೊತ್ತಿನಲ್ಲಿ ನಾವು ಬಾವಿಕಟ್ಟೆಯಲ್ಲಿ, ಅಂಗಳದಲ್ಲಿ, ಗದ್ದೆಯ ಬದುವಿನಲ್ಲಿ ಇರುತ್ತೇವೆ. ನೀರು ತುಂಬುವ ಕೆಲಸವನ್ನು ಮೋಡ ನೋಡಿ ಸ್ವಲ್ಪ ಮುಂಚೆಯೇ ಮಾಡಿಕೊಳ್ಳಬಹುದು. ಗುಡುಗು ಕೇಳಿಸಿದರೆ ಒಳಗೆ ಬಂದು, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆದ ಮೇಲೆಯೇ ಹೊರಗೆ ಹೋಗಿ. ತೆಂಗು, ಅಡಕೆ ಮರಗಳ ಬುಡದಲ್ಲಿ ನಿಲ್ಲಬಾರದು. ಪುಣೆಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆ ರೂಪಿಸಿದ ದಾಮಿನಿ ಎಂಬ ಆ್ಯಪ್ ಸಮೀಪದ ಸಿಡಿಲಿನ ಮುನ್ಸೂಚನೆ ಕೊಡುತ್ತದೆ. ಊರಿನ ಹಿರಿಯರ ಫೋನಿನಲ್ಲಿ ಅದನ್ನು ಹಾಕಿಕೊಟ್ಟು ಬನ್ನಿ.

ಮನೆಯಲ್ಲಿರುವವರು ಒಂದು ವಾರ ಮುಂಚೆ ಮಾಡಬೇಕಾದದ್ದು

ಮೊದಲು ಸೌದೆ. ನಾಲ್ಕು ತಿಂಗಳ ಮಳೆಯಲ್ಲಿ ಕೊಟ್ಟಗೆಯೊಳಗಿನ ಸೌದೆಯೂ ತೇವ ಹಿಡಿದಿರುತ್ತದೆ. ನಸುಕಿನ ನಾಲ್ಕು ಗಂಟೆಗೆ ಬಚ್ಚಲೊಲೆ ಹೊಗೆಯಾಡುತ್ತ ಕುಳಿತರೆ ಇಡೀ ಮನೆಯ ಸ್ನಾನ ಹಿಂದೆ ಬೀಳುತ್ತದೆ. ಗೆರಟೆ, ಕೊತ್ತಳಿಗೆ, ಅಡಕೆ ಮರದ ಸೀಳುಗಳನ್ನು ವಾರ ಮುಂಚೆ ಬೆಳಗಿನ ಬಿಸಿಲಿಗೆ ಹರಡಿ, ಮಧ್ಯಾಹ್ನವೇ ಒಳಗೆ ತೆಗೆಯಿರಿ. ಅಂಗಳದಲ್ಲಿ ಮೊದಲ ಕೊಯ್ಲಿನ ಅಡಕೆ ಹರಡಿದ್ದರೆ ಅದಕ್ಕೂ ಇದೇ ಕ್ರಮ. ಟಾರ್ಪಾಲು ಕೈಗೆ ಸಿಗುವಂತಿರಲಿ.

ಎರಡನೆಯದು ಹಂಡೆ. ತಾಮ್ರದ ಹಂಡೆಯಿದ್ದರೆ ಹುಣಸೆಹುಳಿ ಮತ್ತು ಬೂದಿಯಿಂದ ಉಜ್ಜಿ ತೊಳೆದು ಒಣಗಿಸಬೇಕು. ಬೆಸುಗೆಯಲ್ಲಿ ಸೋರುತ್ತಿದೆಯೇ ಎಂದು ಅರ್ಧ ನೀರು ತುಂಬಿ ಒಂದು ರಾತ್ರಿ ಇಟ್ಟು ನೋಡಿ. ವರ್ಷವಿಡೀ ಗೀಸರಿನಲ್ಲಿ ಸ್ನಾನ ಮಾಡುವ ಮನೆಗಳಲ್ಲಿ ಈ ಪರೀಕ್ಷೆ ಅತ್ಯಗತ್ಯ.

ಮೂರನೆಯದು ನೀರಿನ ದಾರಿ. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆಯ ಎಷ್ಟೋ ಮನೆಗಳಿಗೆ ಇಂದಿಗೂ ಮುರಕಲ್ಲಿನ ಗುಡ್ಡದೊಳಗೆ ಅಡ್ಡಲಾಗಿ ಕೊರೆದ ಸುರಂಗದಿಂದಲೇ ನೀರು. ಮಳೆಗಾಲ ಕಳೆದ ಮೇಲೆ ಸುರಂಗದ ಬಾಯಿಯಲ್ಲಿ ಬಿದ್ದ ಮಣ್ಣು, ಬೇರು, ಎಲೆಗಳನ್ನು ತೆಗೆಯಬೇಕಾಗುತ್ತದೆ. ಒಬ್ಬರೇ ಒಳಗೆ ಹೋಗಬಾರದು, ಹೊರಗೆ ಒಬ್ಬರು ಇರಲೇಬೇಕು. ಬಾವಿಯ ಹಗ್ಗ, ರಾಟೆಗಳನ್ನೂ ಇದೇ ಹೊತ್ತಿನಲ್ಲಿ ನೋಡಿಕೊಳ್ಳಿ, ಏಕೆಂದರೆ ಪಂಪು ಬಂದ ಮೇಲೆ ಅವುಗಳಿಗೆ ವರ್ಷಕ್ಕೊಮ್ಮೆ ಕೆಲಸ.

ಅಡುಗೆಯ ಕಡೆಯಲ್ಲಿ ಅವಲಕ್ಕಿ, ಬೆಲ್ಲ, ಉದ್ದು, ಬೆಳ್ತಿಗೆ ಅಕ್ಕಿಗಳನ್ನು ತಂದಿಟ್ಟರೆ ಮುಖ್ಯ ಕೆಲಸ ಮುಗಿಯಿತು. ಅರಶಿನದ ಎಲೆ ಒಣಗಲು ಇನ್ನೂ ಸಮಯವಿರುವುದರಿಂದ ಹಿತ್ತಿಲಲ್ಲಿ ಹಸಿರು ಎಲೆ ಸಿಗುತ್ತದೆ. ತಡವಾಗಿ ಬರುವವರಿಗೆ ಉಳಿಸಿಡಲು ಅರಶಿನ ಎಲೆಯ ಗಟ್ಟಿಯಷ್ಟು ಅನುಕೂಲದ ತಿಂಡಿ ಇನ್ನೊಂದಿಲ್ಲ. ಎರಡು ಲೋಟ ಬೆಳ್ತಿಗೆ ಅಕ್ಕಿಯನ್ನು ನಾಲ್ಕು ಗಂಟೆ ನೆನೆಸಿ, ಉಪ್ಪು ಹಾಕಿ, ನೀರು ಆದಷ್ಟು ಕಡಿಮೆ ಮಾಡಿ ನುಣ್ಣಗೆ ರುಬ್ಬಿ. ಒಂದು ದೊಡ್ಡ ತೆಂಗಿನಕಾಯಿಯ ತುರಿಗೆ ಒಂದು ಲೋಟ ಪುಡಿಬೆಲ್ಲ, ಸ್ವಲ್ಪ ಏಲಕ್ಕಿ ಬೆರೆಸಿ. ತೊಳೆದು ಒರಸಿದ ಎಲೆಯ ಮೇಲೆ ಹಿಟ್ಟನ್ನು ತೆಳ್ಳಗೆ ಸವರಿ, ಒಂದು ಬದಿಗೆ ಹೂರಣವಿಟ್ಟು, ಎಲೆಯನ್ನು ಉದ್ದಕ್ಕೆ ಮಡಚಿ ಉಗಿಯಲ್ಲಿ ಇಪ್ಪತ್ತೈದು ನಿಮಿಷ ಬೇಯಿಸಿದರೆ ಸಾಕು. ಎಲೆ ಬಿಡಿಸದೆ ಇಟ್ಟರೆ ಮರುದಿನಕ್ಕೂ ಮೆದುವಾಗಿರುತ್ತದೆ. ಹಿಟ್ಟು ನೀರಾದರೆ ಮಾತ್ರ ಎಲೆಯಿಂದ ಸೋರಿ ಕೆಡುತ್ತದೆ, ಅಲ್ಲಿ ಕೈ ಬಿಗಿಯಾಗಿರಲಿ.

ನೀರು ತುಂಬುವುದು ಮತ್ತು ಎಣ್ಣೆಸ್ನಾನ

ಸಂಜೆ ಬಚ್ಚಲನ್ನು ತೊಳೆದು, ಒಲೆಯ ಸುತ್ತ ಸಾರಿಸಿ, ಹಂಡೆಗೆ ಸೇಡಿ ಮಣ್ಣಿನಲ್ಲಿ ಗೆರೆ ಎಳೆದು, ಕುತ್ತಿಗೆಗೆ ಬಳ್ಳಿ ಸುತ್ತುತ್ತಾರೆ. ಯಾವ ಬಳ್ಳಿ ಎಂಬುದು ಮನೆಯಿಂದ ಮನೆಗೆ ಬೇರೆ. ಹಿರಿಯರನ್ನು ಕೇಳಿ ಹಗಲೇ ತಂದಿಡಿ, ಕತ್ತಲಲ್ಲಿ ತೋಟದ ಬದಿಗೆ ಹೋಗುವುದು ಹಾವಿನ ಭಯಕ್ಕೆ ಬೇಡ. ಕೊಡಗಳನ್ನು ತೊಳೆದು ಬಾವಿಯಿಂದ ನೀರು ಸೇದಿ ಮನೆಮಂದಿಯೆಲ್ಲ ಒಂದೊಂದು ಕೊಡ ಹೊಯ್ಯುತ್ತಾರೆ. ಕೆಲವು ಮನೆಗಳಲ್ಲಿ ಜಾಗಟೆ ಬಾರಿಸುವ ಕ್ರಮವಿದೆ. ಚಿಕ್ಕ ಮಕ್ಕಳ ಕೈಗೆ ತಂಬಿಗೆಯನ್ನಾದರೂ ಕೊಡಿ. ಫ್ಲ್ಯಾಟಿನಲ್ಲಿ ಉಳಿಯಬೇಕಾದವರು ಒಂದು ಕೊಡಕ್ಕೆ ಹೂ ಏರಿಸಿ ನೀರು ತುಂಬಿಟ್ಟು, ಮರುದಿನ ಅದನ್ನೇ ಬಿಸಿನೀರಿಗೆ ಬೆರೆಸಿಕೊಳ್ಳಬಹುದು.

ನಸುಕಿನಲ್ಲಿ ಹಿರಿಯರು ದೇವರ ಮುಂದೆ ಮಣೆಯಿಟ್ಟು ಒಬ್ಬೊಬ್ಬರನ್ನೇ ಕೂರಿಸಿ ನೆತ್ತಿಗೆ ಎಣ್ಣೆ ಇಡುತ್ತಾರೆ. ತೆಂಗಿನೆಣ್ಣೆಯನ್ನು ಉಗುರುಬೆಚ್ಚಗೆ ಮಾಡಿಟ್ಟುಕೊಳ್ಳಿ. ಎಣ್ಣೆ ತೆಗೆಯಲು ಸೀಗೆಪುಡಿ, ಕಡಲೆಹಿಟ್ಟು ಅಥವಾ ದಾಸವಾ‌ಳದ ಎಲೆ ಕಿವುಚಿದ ಲೋಳೆ ಸಾಕು. ಬಚ್ಚಲಿನ ನೆಲ ಎಣ್ಣೆಯಿಂದ ಜಾರುತ್ತದೆ. ಅಜ್ಜ ಅಜ್ಜಿಯರ ಸ್ನಾನ ಮೊದಲು ಆಗಲಿ, ಒಬ್ಬರ ಸ್ನಾನ ಮುಗಿದಾಗಲೆಲ್ಲ ನೆಲಕ್ಕೆ ಬಿಸಿನೀರು ಹೊಯ್ದು ಉಜ್ಜಿ. ಹೃದ್ರೋಗದ ಔಷಧ ತೆಗೆದುಕೊಳ್ಳುವವರಿಗೆ ಅತಿ ಬಿಸಿಯಾದ ನೀರು ಬೇಡ. ರಾತ್ರಿ ಪಯಣ ಮಾಡಿ ಬಂದವರು ಎಣ್ಣೆ ಹಚ್ಚಿಕೊಂಡು ಬಹಳ ಹೊತ್ತು ಕುಳಿತುಕೊಳ್ಳುವುದೂ ಒಳ್ಳೆಯದಲ್ಲ.

ಪಟಾಕಿ ಸಿಡಿಸಲು ಸರ್ವೋಚ್ಚ ನ್ಯಾಯಾಲಯ 2018ರ ಅಕ್ಟೋಬರ್ ತೀರ್ಪಿನಲ್ಲಿ ದೀಪಾವಳಿಯಂದು ರಾತ್ರಿ 8ರಿಂದ 10ರ ಅವಧಿಯನ್ನು ಗೊತ್ತುಪಡಿಸಿದೆ. ನಮ್ಮ ಹಳ್ಳಿಗಳಲ್ಲಿ ನಸುಕಿನ ಸ್ನಾನದ ಜೊತೆಗೆ ಪಟಾಕಿಯೂ ಬೆಸೆದುಕೊಂಡಿತ್ತು. ಈಗ ಆ ಹೊತ್ತಿಗೆ ಜಾಗಟೆಯ ಸದ್ದು ಸಾಕು. ಕೊಟ್ಟಗೆಯ ದನಗಳಿಗೂ ಅದೇ ಹಿತ.

ಬಲೀಂದ್ರನನ್ನು ಕರೆಯುವುದು

ಪಾಡ್ಯದ ಸಂಜೆಯ ಈ ಆಚರಣೆ ಒಂದೊಂದು ಸಮುದಾಯದಲ್ಲಿ, ಒಂದೊಂದು ಮನೆಯಲ್ಲಿ ಬೇರೆಬೇರೆಯಾಗಿದೆ. ಕೆಲವರು ಅಮಾವಾಸ್ಯೆಯಿಂದ ತೊಡಗಿ ಮೂರು ಸಂಜೆ ಮಾಡುತ್ತಾರೆ, ಕೆಲವರು ಒಂದೇ ಸಂಜೆ. ಅಂಗಳದಲ್ಲಿ ತುಳಸಿಕಟ್ಟೆಯ ಬಳಿ ಹಾಲೆ ಮರದ ಕೊಂಬೆ ಅಥವಾ ಕಂಬವನ್ನು ನೆಟ್ಟು, ಹೂವಿನಿಂದ ಅಲಂಕರಿಸಿ, ಅದರ ಮೇಲೆ ಹಣತೆಯಿಡುವುದು ಅನೇಕ ಕಡೆ ಇರುವ ಕ್ರಮ. ಕಂಬವನ್ನು ಹಗಲೇ ಕಡಿದು ತಂದು, ಮಳೆ ಬಂದರೂ ಅಲುಗದಂತೆ ಆಳವಾಗಿ ನೆಡಿ. ಹಣತೆಗೆ ಗಾಳಿ ತಾಗದಂತೆ ಬಾಳೆದಿಂಡಿನ ಮರೆ ಮಾಡಿಕೊಳ್ಳಬಹುದು. ಅವಲಕ್ಕಿ, ಹೊದಳು, ಬೆಲ್ಲ, ಬಾಳೆಹಣ್ಣುಗಳನ್ನು ಎಲೆಯಲ್ಲಿ ಬಡಿಸಿ, ಮನೆಯ ಯಜಮಾನರು ಬಲೀಂದ್ರನನ್ನು ಹೆಸರು ಹಿಡಿದು ಕರೆಯುತ್ತಾರೆ. ಬಲಿಯನ್ನು ಸ್ವೀಕರಿಸಿ ಪೊಲಿಯನ್ನು (ಸಮೃದ್ಧಿಯನ್ನು) ಕೊಟ್ಟು ಹೋಗು ಎಂಬುದು ಆ ಕರೆಯ ತಾತ್ಪರ್ಯ. ಉಳಿದವರು "ಕೂ" ಎಂದು ದನಿಗೂಡಿಸುತ್ತಾರೆ. ಜಿಲ್ಲೆಯ ದಕ್ಷಿಣ ಭಾಗದ ಮನೆಗಳಲ್ಲಿಯೂ ಶಾಸ್ತಾವಿನ ಕೆಲವು ಕ್ಷೇತ್ರಗಳಲ್ಲಿಯೂ ಇದೇ ಆಚರಣೆ ಪೊಲಿಯಂದ್ರ ಎಂಬ ಹೆಸರಿನಲ್ಲಿ ಹಾಲೆ ಮರದ ಮೇಲಿನ ದೀಪಗಳೊಂದಿಗೆ ನಡೆಯುತ್ತದೆ.

ಇಲ್ಲಿ ನನ್ನ ಒಂದು ಪ್ರಾರ್ಥನೆ. ಆ ಕರೆಯ ಸಾಲುಗಳು ಎಷ್ಟೋ ಮನೆಗಳಲ್ಲಿ ಒಬ್ಬರೇ ಹಿರಿಯರ ನೆನಪಿನಲ್ಲಿ ಉಳಿದಿವೆ. ಈ ಸಲ ಅವರ ದನಿಯಲ್ಲಿಯೇ ಅದನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ, ಬಳಿಕ ಅವರನ್ನು ಕೂರಿಸಿಕೊಂಡು ಒಂದೊಂದೇ ಸಾಲನ್ನು ಪುಸ್ತಕದಲ್ಲಿ ಬರೆಯಿರಿ. ಬೇರೆ ಮನೆಯ ಪಾಠದೊಂದಿಗೆ ಹೋಲಿಸಿ ತಿದ್ದುವುದು ಬೇಡ, ನಿಮ್ಮ ಮನೆಯಲ್ಲಿ ಹೇಗಿದೆಯೋ ಹಾಗೆಯೇ ಇರಲಿ. ಪೂಜೆಯ ಹೊತ್ತಿನಲ್ಲಿ ಫೋನನ್ನು ಎದುರಿಗೆ ಹಿಡಿಯದೆ ಜಗಲಿಯ ಮೇಲಿಟ್ಟರೆ ಅವರ ಗಮನಕ್ಕೆ ಭಂಗ ಬರುವುದಿಲ್ಲ.

ಗೋಪೂಜೆಗೆ ದನಗಳನ್ನು ಬೆಳಗಿನ ಬಿಸಿಲಿನಲ್ಲಿ ಮೀಯಿಸಿ, ಹೂವಿನ ಮಾಲೆ ಹಾಕಿ, ದೋಸೆ ಬೆಲ್ಲಗಳನ್ನು ಮಿತವಾಗಿ ಕೊಡಿ. ಬಂದವರೆಲ್ಲ ಒಬ್ಬೊಬ್ಬರಾಗಿ ತಿನ್ನಿಸುತ್ತ ಹೋದರೆ ದನದ ಹೊಟ್ಟೆ ಉಬ್ಬರಿಸುತ್ತದೆ.

ಮರಳುವಾಗ

ಪಾಡ್ಯದ ರಾತ್ರಿ ಬೆಂಗಳೂರಿಗೆ ಹೋಗುವ ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ, ದರವೂ ಏರಿರುತ್ತದೆ. ಸಾಧ್ಯವಿದ್ದವರು ಒಂದು ದಿನ ತಡೆದು ಹೊರಡಿ, ಅಥವಾ ಮಂಗಳೂರು ಜಂಕ್ಷನ್‌ನಿಂದ ಯಶವಂತಪುರಕ್ಕೆ ವಾರದ ಕೆಲವು ದಿನ ಇರುವ ಹಗಲಿನ ರೈಲನ್ನು ನೋಡಿಕೊಳ್ಳಿ. ಕಾರ್ತಿಕ ಶುದ್ಧ ದ್ವಾದಶಿಯ ತುಳಸಿಪೂಜೆಗೆ ನಿಲ್ಲಲಾಗದವರು ನೆಲ್ಲಿಯ ಕೊಂಬೆಯನ್ನು ಯಾರು ತಂದುಕೊಡುವುದೆಂದು ಹೊರಡುವ ಮೊದಲೇ ಗೊತ್ತುಮಾಡಿ ಬನ್ನಿ; ವಯಸ್ಸಾದ ಇಬ್ಬರೇ ಇರುವ ಮನೆಯಲ್ಲಿ ಗುಡ್ಡಕ್ಕೆ ಹೋಗುವವರಿರುವುದಿಲ್ಲ. ಹಂಡೆಯ ನೀರನ್ನು ಬರಿದು ಮಾಡಿ, ಒರಸಿ, ಕವುಚಿಡುವುದು, ಉಳಿದ ಸೌದೆಯನ್ನು ಒಳಗೆ ಜೋಡಿಸುವುದು, ಟಾರ್ಪಾಲನ್ನು ಮಡಚದೆ ಅಡಕೆಯ ಪಕ್ಕದಲ್ಲಿಯೇ ಬಿಡುವುದು ಇವಿಷ್ಟನ್ನು ಹೊರಡುವ ದಿನದ ಬೆಳಿಗ್ಗೆ ನೀವೇ ಮಾಡಿ ಮುಗಿಸಿ, ಏಕೆಂದರೆ ತುಲಾ ಮಳೆ ಇನ್ನೂ ಕೆಲವು ವಾರ ಇರುತ್ತದೆ.